ಬಾಯಿ ಒಣಗಿದೆಯೇ? ಮೊದಲು ಜೊಲ್ಲನ್ನು ಅಳೆಸಿ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಬಾಯಿ ಒಣಗುವುದು, ಕೆನ್ನೆ ಊದುವುದು, ರಕ್ತಪರೀಕ್ಷೆಯ ಚೀಟಿಯಲ್ಲಿ ಬಂದ ಅರ್ಥವಾಗದ ‘ಪಾಸಿಟಿವ್’. ಈ ಮೂರರ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಬಹಳಷ್ಟು ಪತ್ರಗಳಲ್ಲಿ ಒಂದೇ ಕಾಯಿಲೆಯ ಹೆಸರಿದೆ: ಶೋಗ್ರೆನ್. ಇಲ್ಲಿ ಬರೆದ ಮಾತ್ರೆಗಳ ಪ್ರಮಾಣ ನಿಮ್ಮ ತಿಳಿವಳಿಕೆಗೆ ಮಾತ್ರ. ನಿಮಗೆ ಎಷ್ಟು ಬೇಕು, ಬೇಕೋ ಬೇಡವೋ ಎಂಬುದನ್ನು ನಿಮ್ಮನ್ನು ನೋಡಿದ ವೈದ್ಯರೇ ಹೇಳಬೇಕು.

ನನಗೆ 47 ವರ್ಷ. ಎರಡು ವರ್ಷದಿಂದ ಬಾಯಿ ಒಣಗುತ್ತಿದೆ. ಜೋಳದ ರೊಟ್ಟಿ ಇಳಿಯಬೇಕಾದರೆ ತುತ್ತಿಗೊಂದು ಗುಟುಕು ನೀರು ಬೇಕು. ರಾತ್ರಿ ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಎಚ್ಚರವಾಗುತ್ತದೆ. ಕಣ್ಣಲ್ಲಿ ಮರಳು ಬಿದ್ದ ಹಾಗೆ. ಎಂಟು ತಿಂಗಳಲ್ಲಿ ನಾಲ್ಕು ಹಲ್ಲು ಬುಡದಲ್ಲೇ ಹುಳುಕಾದವು. ಸಕ್ಕರೆ ಕಾಯಿಲೆ ಇಲ್ಲ. ದಂತವೈದ್ಯರು ‘ಶೋಗ್ರೆನ್ ಇರಬಹುದು’ ಎಂದರು. ಏನಿದು?
– ಓದುಗರು, ರಾಣೆಬೆನ್ನೂರು

ನಿಮ್ಮ ದಂತವೈದ್ಯರ ಕಣ್ಣು ಸರಿಯಾದ ಜಾಗಕ್ಕೇ ಹೋಗಿದೆ. ಸಿಹಿ ತಿಂದು ಕೆಡುವ ಹಲ್ಲು ಹೆಚ್ಚಾಗಿ ಜಗಿಯುವ ಮೇಲ್ಭಾಗದಲ್ಲಿ ಇಲ್ಲವೇ ಎರಡು ಹಲ್ಲಿನ ಸಂದಿಯಲ್ಲಿ ಹುಳುಕಾಗುತ್ತದೆ. ವಸಡಿನ ಅಂಚಿನಲ್ಲಿ, ಒಂದರ ಹಿಂದೆ ಒಂದರಂತೆ ಹಲ್ಲು ಕೆಡುತ್ತಿದ್ದರೆ ಜೊಲ್ಲು ಕಡಿಮೆಯಾಗಿರಬಹುದು ಎಂದು ಮೊದಲು ಸಂಶಯಪಡಬೇಕು. ಆರೋಗ್ಯವಂತರ ಬಾಯಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಬರುತ್ತದೆ. ಕಿವಿಯ ಬುಡದಲ್ಲಿ, ದವಡೆಯ ಕೆಳಗೆ, ನಾಲಿಗೆಯ ಕೆಳಗೆ ಹೀಗೆ ಮೂರು ಜೊತೆ ದೊಡ್ಡ ಗ್ರಂಥಿಗಳಿವೆ. ತುಟಿ, ಕೆನ್ನೆ, ಅಂಗುಳದ ಒಳಪದರದಲ್ಲಿ ಕಾಳಿನಷ್ಟು ಸಣ್ಣವು 600ರಿಂದ 1000ದವರೆಗೆ ಇವೆ. ಊಟದ ನಂತರ ಬಾಯಲ್ಲಿ ಹುಟ್ಟುವ ಆಮ್ಲವನ್ನು ಶಮನ ಮಾಡುವುದೂ ಸವೆದ ಎನಾಮಲ್‌ಗೆ ಕ್ಯಾಲ್ಸಿಯಂ, ಫಾಸ್ಫೇಟ್ ತುಂಬಿಕೊಡುವುದೂ ಈ ಜೊಲ್ಲೇ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಇಳಿದರೆ ಎನಾಮಲ್ ಕರಗತೊಡಗುತ್ತದೆ. ಹಲ್ಲಿನ ಬೇರಿನ ಭಾಗಕ್ಕೆ ಎನಾಮಲ್ ರಕ್ಷೆಯಿಲ್ಲ, ಅದು ಇನ್ನೂ ಬೇಗ ಕರಗುತ್ತದೆ. ನಿಮ್ಮ ಹಲ್ಲು ಬುಡದಲ್ಲೇ ಹೋಗುತ್ತಿರುವುದು ಇದಕ್ಕೇ.

ಶೋಗ್ರೆನ್ ಒಂದು ಆಟೋಇಮ್ಯೂನ್ ಕಾಯಿಲೆ. ದೇಹವನ್ನು ಕಾಯಬೇಕಾದ ರಕ್ಷಣಾ ಕಣಗಳೇ ಜೊಲ್ಲಿನ, ಕಣ್ಣೀರಿನ ಗ್ರಂಥಿಗಳ ಮೇಲೆ ತಿರುಗಿಬೀಳುತ್ತವೆ. 1933ರಲ್ಲಿ ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರೆನ್ ಕಣ್ಣು ಒಣಗಿದ 19 ಮಹಿಳೆಯರ ವಿವರಗಳನ್ನು ತಮ್ಮ ಪ್ರಬಂಧದಲ್ಲಿ ದಾಖಲಿಸಿದರು. ಅವರಲ್ಲಿ 13 ಮಂದಿಗೆ ಕೀಲುನೋವೂ ಇತ್ತು. ಕಣ್ಣು, ಬಾಯಿ, ಕೀಲು ಮೂರನ್ನೂ ಒಂದೇ ಕಾಯಿಲೆಯಾಗಿ ಕಂಡದ್ದು ಅವರ ದೊಡ್ಡತನ. ಇವತ್ತಿಗೂ ನಮ್ಮಲ್ಲಿ ಕಣ್ಣು ಒಬ್ಬರ ಬಳಿ, ಹಲ್ಲು ಇನ್ನೊಬ್ಬರ ಬಳಿ, ಮಂಡಿ ಮತ್ತೊಬ್ಬರ ಬಳಿ ತೋರಿಸುತ್ತಾ ವರ್ಷಗಳು ಕಳೆದುಹೋಗುತ್ತವೆ. ಕಾಯಿಲೆ ಬಂದ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ಹೆಂಗಸರು, ಹೆಚ್ಚಿನವರು 40ರಿಂದ 60ರ ವಯಸ್ಸಿನವರು.

ಗ್ರಂಥಿಯ ಒಳಗೆ ಆಗುವುದು ಇಷ್ಟು: ಜೊಲ್ಲಿನ ನಾಳದ ಒಳಗೋಡೆಯ ಕಣಗಳು ವೈರಸ್ ದಾಳಿಯಾದಂತೆ ವರ್ತಿಸಿ ಇಂಟರ್‌ಫೆರಾನ್ ಎಂಬ ಸಂಕೇತ ಕಳಿಸತೊಡಗುತ್ತವೆ. ಅದಕ್ಕೆ ಓಗೊಟ್ಟು ರಕ್ಷಣಾ ಕಣಗಳಾದ ಲಿಂಫೋಸೈಟ್‌ಗಳು ಬಂದು ನಾಳದ ಸುತ್ತ ಗುಂಪುಗಟ್ಟುತ್ತವೆ. ‘ಬ್ಯಾಫ್’ ಎಂಬ ಪ್ರೋಟೀನ್ ಅವುಗಳಲ್ಲೇ ಒಂದು ಬಗೆಯಾದ ಬಿ-ಕಣಗಳನ್ನು ಸಾಯಲು ಬಿಡುವುದಿಲ್ಲ. ಆ ಕಣಗಳು ರೋ, ಲಾ ಎಂಬ ನಮ್ಮದೇ ಪ್ರೋಟೀನ್‌ಗಳ ವಿರುದ್ಧ ಪ್ರತಿಕಾಯ ತಯಾರಿಸುತ್ತವೆ. ಗ್ರಂಥಿ ಪೂರ್ತಿ ನಾಶವಾಗುವ ಮೊದಲೇ ಜೊಲ್ಲು ನಿಲ್ಲುವುದು ಹಲವರಲ್ಲಿ ಕಾಣುತ್ತದೆ. ಅಂದರೆ ಉಳಿದ ಭಾಗಕ್ಕೂ ನರದ ಆಜ್ಞೆ ಸರಿಯಾಗಿ ಮುಟ್ಟುತ್ತಿಲ್ಲ. ಔಷಧಿಯ ಮಾತು ಬಂದಾಗ ಇದು ನೆನಪಿರಲಿ.

ಈಗ ಅಳತೆ. ‘ಬಾಯಿ ಒಣಗುತ್ತದೆ’ ಎಂಬ ಅನುಭವ ಬೇರೆ, ಜೊಲ್ಲು ನಿಜಕ್ಕೂ ಕಡಿಮೆ ಇರುವುದು ಬೇರೆ. ಎರಡೂ ಸದಾ ಜೊತೆಗಿರುವುದಿಲ್ಲ. ಅಳೆಯಲು ದುಬಾರಿ ಯಂತ್ರ ಬೇಕಿಲ್ಲ, ಆದರೂ ಮಾಡುವವರು ಕಡಿಮೆ ಎಂಬುದು ನಮ್ಮ ಬೇಸರ. ಬೆಳಿಗ್ಗೆ ಹೋಗಿ. ಅದಕ್ಕೆ ಒಂದೂವರೆ ಗಂಟೆ ಮೊದಲಿನಿಂದ ಊಟ, ಕಾಫಿ, ನೀರು, ಹಲ್ಲುಜ್ಜುವುದು, ಎಲೆಯಡಿಕೆ ಯಾವುದೂ ಬೇಡ. ನೇರ ಕೂತು, ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ, ಬಾಯಲ್ಲಿರುವುದನ್ನು ಒಮ್ಮೆ ನುಂಗಿ ಗಡಿಯಾರ ಶುರುಮಾಡಬೇಕು. ಆಮೇಲೆ ನುಂಗದೆ, ಬಾಯಿ ಆಡಿಸದೆ, ತಾನಾಗಿ ಸೇರಿದ ಜೊಲ್ಲನ್ನು ನಿಮಿಷಕ್ಕೊಮ್ಮೆ ಮೊದಲೇ ತೂಗಿಟ್ಟ ಕಪ್ಪಿಗೆ ಉಗುಳಬೇಕು. 15 ನಿಮಿಷದ ನಂತರ ಕಪ್ಪನ್ನು ಮತ್ತೆ ತೂಗಿದರೆ ಹೆಚ್ಚಾದ ಪ್ರತಿ ಗ್ರಾಂ ಒಂದು ಮಿಲಿಲೀಟರಿಗೆ ಸಮ. ನೊರೆ ಇರುವುದರಿಂದ ಗೆರೆ ನೋಡಿ ಅಳೆಯುವುದಕ್ಕಿಂತ ತೂಕವೇ ನಂಬಿಕೆಯದು. ಒಂದು ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವ ತಕ್ಕಡಿ ಬೇಕು, ಅಡುಗೆಮನೆಯದು ಸಾಲದು. ಸಾಮಾನ್ಯವಾಗಿ ನಿಮಿಷಕ್ಕೆ 0.3ರಿಂದ 0.4 ಮಿ.ಲೀ. ಇರುತ್ತದೆ. 15 ನಿಮಿಷಕ್ಕೆ ಒಟ್ಟು 1.5 ಮಿ.ಲೀ. ಅಥವಾ ಅದಕ್ಕಿಂತ ಕಡಿಮೆ ಬಂದರೆ ಜೊಲ್ಲು ನಿಜಕ್ಕೂ ಬತ್ತಿದೆ ಎಂದರ್ಥ.

ಬತ್ತಿದ್ದೆಲ್ಲ ಶೋಗ್ರೆನ್ ಅಲ್ಲ. ನೆಗಡಿ-ಅಲರ್ಜಿಯ ಕ್ಲೋರ್‌ಫೆನಿರಮಿನ್, ನರನೋವು-ನಿದ್ದೆಗೆ ಕೊಡುವ ಅಮಿಟ್ರಿಪ್ಟಿಲಿನ್, ಮೂತ್ರ ತಡೆಯಲು ಕೊಡುವ ಆಕ್ಸಿಬ್ಯುಟಿನಿನ್, ರಕ್ತದೊತ್ತಡದ ಕ್ಲೋನಿಡಿನ್ ಇವೆಲ್ಲ ಬಾಯಿ ಒಣಗಿಸುತ್ತವೆ. ತೆಗೆದುಕೊಳ್ಳುವ ಮಾತ್ರೆಗಳ ಹಾಳೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ವೈದ್ಯರ ಮುಂದಿಡಿ, ನೀವಾಗಿಯೇ ನಿಲ್ಲಿಸಬೇಡಿ. ಹೆಪಟೈಟಿಸ್ ಸಿ, ಎಚ್‌ಐವಿ, ತಲೆ-ಕುತ್ತಿಗೆಗೆ ಕೊಟ್ಟ ವಿಕಿರಣ ಚಿಕಿತ್ಸೆ ಇವೂ ಶೋಗ್ರೆನ್‌ನಂತೆ ಕಾಣಿಸಬಲ್ಲವು. ಅಡಿಕೆ, ಗುಟ್ಕಾ ಜಗಿಯುವವರಲ್ಲಿ ಬಾಯಿ ಉರಿ, ಒಣಗು, ಖಾರ ತಡೆಯದಿರುವುದು ಇದ್ದರೆ ಒಂದು ಪರೀಕ್ಷೆ ಮನೆಯಲ್ಲೇ ಆಗಲಿ: ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಮೇಲಿನ, ಕೆಳಗಿನ ಮುಂಹಲ್ಲುಗಳ ನಡುವೆ ತೂರಿಸಿ. ಹೋಗದಿದ್ದರೆ ಅದು ಬಾಯಿಯ ಒಳಪದರ ಗಟ್ಟಿಯಾಗುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಆಗಿರಬಹುದು. ಅದು ಕ್ಯಾನ್ಸರಿಗೆ ತಿರುಗಬಲ್ಲ ಸ್ಥಿತಿ, ತಡಮಾಡದೆ ತೋರಿಸಿ.

ಕೀಲುನೋವಿಗೆಂದು ಮಾಡಿಸಿದ ರಕ್ತಪರೀಕ್ಷೆಯಲ್ಲಿ ಎಎನ್‌ಎ 1:80 ಪಾಸಿಟಿವ್, ರುಮಟಾಯ್ಡ್ ಫ್ಯಾಕ್ಟರ್ ಪಾಸಿಟಿವ್ ಬಂತು. ಒಬ್ಬರು ಸಂಧಿವಾತ ಎಂದರು, ಇನ್ನೊಬ್ಬರು ಶೋಗ್ರೆನ್ ಎಂದರು. ಯಾರನ್ನು ನಂಬಲಿ?
– ಓದುಗರು, ಭದ್ರಾವತಿ

ಚೀಟಿಯೊಂದನ್ನೇ ನಂಬಬೇಡಿ. ದೇಹ ತನ್ನದೇ ಅಂಶಗಳ ವಿರುದ್ಧ ಮಾಡಿಕೊಂಡ ಪ್ರತಿಕಾಯಗಳನ್ನು ಹುಡುಕುವ ಪರೀಕ್ಷೆಗಳು ಇವೆರಡೂ. ಎಎನ್‌ಎ 1:80 ಆರೋಗ್ಯವಂತರಲ್ಲೂ ನೂರಕ್ಕೆ ಸುಮಾರು 13 ಮಂದಿಯಲ್ಲಿ ಪಾಸಿಟಿವ್ ಬರುತ್ತದೆ. ರುಮಟಾಯ್ಡ್ ಫ್ಯಾಕ್ಟರ್ ಶೋಗ್ರೆನ್‌ನಲ್ಲೂ ಬರುತ್ತದೆ, ಹೆಪಟೈಟಿಸ್ ಸಿ ಸೋಂಕಿನಲ್ಲೂ ಬರುತ್ತದೆ. ಸಂಧಿವಾತ ಹೌದೋ ಅಲ್ಲವೋ ತಿಳಿಯಲು ಆಂಟಿ-ಸಿಸಿಪಿ ಎಂಬ ರಕ್ತಪರೀಕ್ಷೆ ಹೆಚ್ಚು ಉಪಯುಕ್ತ. ಶೋಗ್ರೆನ್‌ಗೆ ಕೇಳಬೇಕಾದ್ದು ಮೇಲೆ ಹೇಳಿದ ರೋ ಪ್ರೋಟೀನ್ ವಿರುದ್ಧದ ಪ್ರತಿಕಾಯ, ಅಂದರೆ ಆಂಟಿ-ರೋ, ಇನ್ನೊಂದು ಹೆಸರಲ್ಲಿ ಎಸ್‌ಎಸ್‌ಎ. ವರದಿಯಲ್ಲಿ ರೋ-60, ರೋ-52 ಎಂದು ಬೇರೆ ಬೇರೆ ಇದ್ದರೆ ಎರಡನ್ನೂ ನೋಡಿ. ರೋ-52 ಒಂದೇ ಇದ್ದರೆ ಸ್ನಾಯು, ಶ್ವಾಸಕೋಶದ ಬೇರೆ ಆಟೋಇಮ್ಯೂನ್ ಕಾಯಿಲೆಗಳನ್ನೂ ಯೋಚಿಸಬೇಕಾಗುತ್ತದೆ.

ಅಮೆರಿಕ ಮತ್ತು ಯುರೋಪಿನ ಸಂಧಿವಾತ ತಜ್ಞರ ಸಂಘಟನೆಗಳು 2016ರಲ್ಲಿ ಒಟ್ಟಾಗಿ ಒಂದು ಅಂಕಪಟ್ಟಿ ಮಾಡಿದವು. ತುಟಿಯ ಬಯಾಪ್ಸಿಯಲ್ಲಿ ಫೋಕಸ್ ಸ್ಕೋರ್ (ಲಿಂಫೋಸೈಟ್ ಗುಂಪುಗಳ ಎಣಿಕೆ, ವಿವರ ಮುಂದಿನ ಉತ್ತರದಲ್ಲಿ) 1 ಅಥವಾ ಹೆಚ್ಚಿದ್ದರೆ 3 ಅಂಕ. ಆಂಟಿ-ರೋ ಇದ್ದರೆ 3. ಕಣ್ಣಿಗೆ ಬಣ್ಣ ಹಾಕಿ ನೋಡುವ ಪರೀಕ್ಷೆಗೆ 1. ಶರ್ಮರ್ ಪರೀಕ್ಷೆಯಲ್ಲಿ, ಅಂದರೆ ಕೆಳರೆಪ್ಪೆಯ ಹೊರಭಾಗದಲ್ಲಿ ಸಿಕ್ಕಿಸಿದ ಕಾಗದದ ಪಟ್ಟಿ 5 ನಿಮಿಷದಲ್ಲಿ 5 ಮಿ.ಮೀ.ಗಿಂತ ಹೆಚ್ಚು ನೆನೆಯದಿದ್ದರೆ, 1. ಮೇಲೆ ಹೇಳಿದ ಜೊಲ್ಲಿನ ಅಳತೆ ನಿಮಿಷಕ್ಕೆ 0.1 ಮಿ.ಲೀ. ಅಥವಾ ಕಡಿಮೆ ಇದ್ದರೆ 1. ಒಟ್ಟು 4 ಬಂದರೆ ಶೋಗ್ರೆನ್ ಎಂದು ಪರಿಗಣಿಸುತ್ತಾರೆ. ಈ ಲೆಕ್ಕದ ಹಿಂದೆ ಹಲವು ದೇಶಗಳ ಸಾವಿರಾರು ಮಂದಿಯನ್ನು ಒಂದೇ ಕ್ರಮದಲ್ಲಿ ಪರೀಕ್ಷಿಸಿದ ‘ಸಿಕ್ಕಾ’ ನೋಂದಣಿ ಇದೆ. ನಮಗೆ ಹತ್ತಿರದ ಮದುರೈನ ಅರವಿಂದ ಕಣ್ಣಿನ ಆಸ್ಪತ್ರೆಯೂ ಅದರ ಒಂದು ಕೇಂದ್ರವಾಗಿತ್ತು. ಪಟ್ಟಿ ಮಾಡಿದ್ದು ಸಂಶೋಧನೆಗಾಗಿ. ಮೂರೇ ಅಂಕ ಬಂದರೂ ಕಾಯಿಲೆ ಇರಬಹುದು. ಆದರೆ ಯಾವ ಪರೀಕ್ಷೆಗೆ ಎಷ್ಟು ತೂಕ ಎಂಬುದು ಇದರಿಂದ ಚೆನ್ನಾಗಿ ಗೊತ್ತಾಗುತ್ತದೆ, ಮತ್ತು ಎಎನ್‌ಎಗೆ ಅದರಲ್ಲಿ ಅಂಕವೇ ಇಲ್ಲ.

ತುಟಿ ಕೊಯ್ದು ಬಯಾಪ್ಸಿ ಮಾಡಬೇಕೆಂದಿದ್ದಾರೆ. ಭಯವಾಗುತ್ತಿದೆ. ಬೇರೆ ದಾರಿ ಇಲ್ಲವೇ?
– ಓದುಗರು, ಕುಮಟಾ

ಆಂಟಿ-ರೋ ಪಾಸಿಟಿವ್ ಇದ್ದು ಕಣ್ಣು ಅಥವಾ ಬಾಯಿಯ ಅಳತೆಯೂ ಕಡಿಮೆ ಇದ್ದರೆ ಸಾಮಾನ್ಯವಾಗಿ ಬಯಾಪ್ಸಿ ಬೇಕಿಲ್ಲ. ಆಂಟಿ-ರೋ ನೆಗೆಟಿವ್ ಬಂದು ಲಕ್ಷಣ ಮಾತ್ರ ಗಟ್ಟಿಯಾಗಿದ್ದಾಗ ಅದೇ ನಿರ್ಣಾಯಕ. ಗ್ರಂಥಿಯ ಅಲ್ಟ್ರಾಸೌಂಡ್ ಕೂಡ ಉಪಯೋಗಕ್ಕೆ ಬರುತ್ತದೆ. ಒಂದೇ ಸಮನೆ ಬೂದುಬಣ್ಣ ಕಾಣಬೇಕಾದ ಗ್ರಂಥಿಯಲ್ಲಿ ಸಣ್ಣ ಸಣ್ಣ ಕಪ್ಪು ಮಚ್ಚೆಗಳು ತುಂಬಿದ್ದರೆ ಸಂಶಯ ಬಲವಾಗುತ್ತದೆ, ಆದರೆ 2016ರ ಪಟ್ಟಿಯಲ್ಲಿ ಅದಕ್ಕೆ ಅಂಕ ಇಲ್ಲ.

ಬಯಾಪ್ಸಿ ಹದಿನೈದಿಪ್ಪತ್ತು ನಿಮಿಷದ ಕೆಲಸ. ಕೆಳತುಟಿಯ ಒಳಬದಿಗೆ ಮರಗಟ್ಟಿಸುವ ಚುಚ್ಚುಮದ್ದು ಕೊಡುತ್ತಾರೆ. ನಡುಗೆರೆ ಬಿಟ್ಟು ಪಕ್ಕದಲ್ಲಿ ಒಂದು ಸೆಂಟಿಮೀಟರಿನಷ್ಟು, ಚರ್ಮ ಮುಟ್ಟದೆ ಒಳಪದರವನ್ನಷ್ಟೇ ಕೊಯ್ಯುತ್ತಾರೆ. ಕೆಳಗೆ ಕಾಣುವ ಸಣ್ಣ ಗ್ರಂಥಿಗಳಲ್ಲಿ ನಾಲ್ಕರಿಂದ ಆರನ್ನು ಬಿಡಿಸಿ ತೆಗೆದು, ಎರಡು-ಮೂರು ಹೊಲಿಗೆ ಹಾಕುತ್ತಾರೆ. ಹೊರಗೆ ಕಲೆ ಕಾಣುವುದಿಲ್ಲ. ಎರಡು ಮೂರು ದಿನ ಬಿಸಿ, ಖಾರ, ಗಟ್ಟಿ ಪದಾರ್ಥ ಬೇಡ. ತಣ್ಣಗಿನ ಮೊಸರನ್ನ, ರಾಗಿ ಅಂಬಲಿ ಸಾಕು. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಕೆಲವರಿಗೆ ಆ ಜಾಗ ಜೋಮು ಹಿಡಿದಂತಿರುತ್ತದೆ. ಗ್ರಂಥಿಗಳ ಪಕ್ಕದಲ್ಲೇ ಕೂದಲೆಳೆಯಂಥ ನರಗಳು ಹಾದುಹೋಗುವುದೇ ಕಾರಣ. ಬಹುತೇಕರಿಗೆ ವಾರಗಳಲ್ಲಿ ಅಥವಾ ಕೆಲವು ತಿಂಗಳಲ್ಲಿ ಸರಿಹೋಗುತ್ತದೆ, ಅಪರೂಪಕ್ಕೆ ಉಳಿದುಬಿಡುತ್ತದೆ.

ಎಡವಟ್ಟಾಗುವುದು ಹೆಚ್ಚಾಗಿ ಕೊಯ್ದ ಮೇಲೆ. ಗ್ರಂಥಿ ಸಾಕಷ್ಟು ಸಿಗದಿದ್ದರೆ ಲೆಕ್ಕ ಸಿಗುವುದಿಲ್ಲ. ಕನಿಷ್ಠ 4 ಚದರ ಮಿ.ಮೀ. ಗ್ರಂಥಿ ಬೇಕು, 8 ಇದ್ದರೆ ಒಳ್ಳೆಯದು. 50ಕ್ಕೂ ಹೆಚ್ಚು ಲಿಂಫೋಸೈಟ್‌ಗಳು ಗುಂಪುಗಟ್ಟಿದ್ದರೆ ಅದೊಂದು ಫೋಕಸ್. 4 ಚದರ ಮಿ.ಮೀ.ನಲ್ಲಿ ಅಂಥವು ಎಷ್ಟು ಎಂಬುದೇ ಸ್ಕೋರ್. ವರದಿಯಲ್ಲಿ ಬರೀ ‘ದೀರ್ಘಕಾಲದ ಉರಿಯೂತ’ ಎಂದು ಬಂದರೆ ಅದು ಶೋಗ್ರೆನ್ ಎಂದಾಗುವುದಿಲ್ಲ, ವಯಸ್ಸಾದವರ ತುಟಿಯಲ್ಲಿ ಅದು ಸಹಜವಾಗಿಯೂ ಇರುತ್ತದೆ. ಲ್ಯಾಬಿಗೆ ಕಳಿಸುವ ಚೀಟಿಯಲ್ಲೇ ‘ಫೋಕಸ್ ಸ್ಕೋರ್ ಬರೆಯಿರಿ’ ಎಂದು ವೈದ್ಯರಿಂದ ಬರೆಸಿ. ಬೀಡಿ, ಸಿಗರೇಟು ಸೇದುವವರಲ್ಲಿ ಸ್ಕೋರ್ ಕಡಿಮೆ ಬರುವುದು ಅಧ್ಯಯನಗಳಲ್ಲಿ ಕಂಡಿದೆ, ಅದನ್ನು ಮುಚ್ಚಿಡಬೇಡಿ.

ಒಂದು ವರ್ಷದಿಂದ ಹೈಡ್ರಾಕ್ಸಿಕ್ಲೋರೋಕ್ವಿನ್ ತೆಗೆದುಕೊಳ್ಳುತ್ತಿದ್ದೇನೆ. ಬಾಯಿ ಹಾಗೇ ಇದೆ. ಹೊಸ ಔಷಧಿ ಬಂದಿದೆಯಂತೆ, ನಿಜವೇ?
– ಓದುಗರು, ಮೈಸೂರು

ಈ ಮಾತ್ರೆಯಿಂದ ಬಾಯಿ ಒದ್ದೆಯಾಗುತ್ತದೆ ಎಂದು ನಿಮಗೆ ಯಾರಾದರೂ ಹೇಳಿದ್ದರೆ ಅದು ತಪ್ಪು. ಫ್ರಾನ್ಸಿನಲ್ಲಿ 120 ಮಂದಿಯ ಮೇಲೆ ನಡೆದ ‘ಜೋಕರ್’ ಪ್ರಯೋಗದ ಫಲಿತಾಂಶ 2014ರಲ್ಲಿ ಬಂತು. ಅರ್ಧ ಮಂದಿಗೆ ದಿನಕ್ಕೆ 400 ಮಿ.ಗ್ರಾಂ. ಮಾತ್ರೆ, ಉಳಿದವರಿಗೆ ಹಾಗೇ ಕಾಣುವ ಹುಸಿ ಮಾತ್ರೆ. 24 ವಾರದ ನಂತರ ಒಣಗು, ನೋವು, ದಣಿವು ಈ ಮೂರರಲ್ಲಿ ಎರಡಾದರೂ ಶೇ 30ರಷ್ಟು ಕಡಿಮೆಯಾದವರು ಮಾತ್ರೆಯ ಗುಂಪಿನಲ್ಲಿ ಶೇ 17.9, ಹುಸಿ ಮಾತ್ರೆಯ ಗುಂಪಿನಲ್ಲಿ ಶೇ 17.2. ವ್ಯತ್ಯಾಸ ಇಲ್ಲ ಎಂದೇ ಅರ್ಥ. ಹಾಗೆಂದು ಇದನ್ನು ಬಿಸಾಡಬೇಡಿ. ಕೀಲುನೋವು, ಚರ್ಮದ ದದ್ದು ಇರುವವರಿಗೆ ವೈದ್ಯರು ಇದನ್ನು ಕೊಡುವುದಕ್ಕೆ ಕಾರಣವಿದೆ. ನಿಮಗೆ ಯಾವ ತೊಂದರೆಗೆ ಕೊಟ್ಟಿದ್ದಾರೆ ಎಂದು ಕೇಳಿ. ದಿನದ ಪ್ರಮಾಣ ತೂಕದ ಪ್ರತಿ ಕಿಲೋಗೆ 5 ಮಿ.ಗ್ರಾಂ. ಮೀರಬಾರದು, ಅಂದರೆ 60 ಕಿಲೋ ಇರುವವರಿಗೆ 300. ಮೊದಲ ವರ್ಷದೊಳಗೆ ಒಮ್ಮೆ, ಐದು ವರ್ಷದ ನಂತರ ಪ್ರತಿವರ್ಷ ಅಕ್ಷಿಪಟಲದ ಪರೀಕ್ಷೆ ಆಗಲೇಬೇಕು. ಮೂತ್ರಪಿಂಡ ದುರ್ಬಲವಾಗಿದ್ದರೆ ಇನ್ನೂ ಬೇಗ.

ಜೊಲ್ಲು ಹೆಚ್ಚಿಸುವ ಮಾತ್ರೆ ಪೈಲೋಕಾರ್ಪಿನ್, 5 ಮಿ.ಗ್ರಾಂ., ದಿನಕ್ಕೆ ಮೂರು ನಾಲ್ಕು ಸಲ. ಉಳಿದಿರುವ ಗ್ರಂಥಿಗೆ ನರದ ಆಜ್ಞೆಯನ್ನು ಇದು ಜೋರಾಗಿ ಮುಟ್ಟಿಸುತ್ತದೆ. ಸತ್ತ ಭಾಗವನ್ನು ಎಬ್ಬಿಸಲಾರದು, ಹಾಗಾಗಿ ಬೇಗ ಶುರುಮಾಡಿದವರಿಗೇ ಲಾಭ ಹೆಚ್ಚು. ಬೆವರು, ಪದೇ ಪದೇ ಮೂತ್ರ, ಮುಖ ಬಿಸಿಯಾಗುವುದು ಇದರ ಅಡ್ಡಪರಿಣಾಮ. ಬೆವರು ತಡೆಯಲಾರದೆ ಬಿಡುವವರೇ ಹೆಚ್ಚು. ಅರ್ಧ ಮಾತ್ರೆಯಿಂದ ಶುರುಮಾಡಿ ಏರಿಸಬಹುದೇ ಎಂದು ಕೇಳಿ, ಎರಡು ಮೂರು ತಿಂಗಳು ಸಮಯ ಕೊಡಿ. ಹತೋಟಿಗೆ ಬಾರದ ಆಸ್ತಮಾ, ಕಿರಿದಾದ ಕೋನದ ಗ್ಲಾಕೋಮಾ ಇರುವವರಿಗೆ ಇದು ಬೇಡ.

ಹೊಸ ಔಷಧಿಗಳ ಮಾತು ನಿಜ, ಆದರೆ ಪೂರ್ತಿ ಕೇಳಿಸಿಕೊಳ್ಳಿ. ಬಿ-ಕಣಗಳನ್ನು ತೆಗೆದುಹಾಕುವ ರಿಟುಕ್ಸಿಮ್ಯಾಬ್ ಬಗ್ಗೆ ದೊಡ್ಡ ಆಸೆ ಇತ್ತು. ಬ್ರಿಟನ್ನಿನಲ್ಲಿ 133 ಮಂದಿಯ ಮೇಲೆ ನಡೆದ ‘ಟ್ರಾಕ್ಟಿಸ್’ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ದಣಿವಿನಲ್ಲಾಗಲಿ, ಬಾಯಿ ಒಣಗುವುದರಲ್ಲಾಗಲಿ ಹುಸಿ ಮದ್ದಿಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ಆಮೇಲೆ ಬಂದದ್ದು ಇಯಾನಲುಮ್ಯಾಬ್. ಬಿ-ಕಣಗಳನ್ನು ಕೊಲ್ಲುವುದರ ಜೊತೆಗೆ ಬ್ಯಾಫ್ ಸಂಕೇತವನ್ನೂ ತಡೆಯುವ ಚುಚ್ಚುಮದ್ದು ಇದು. ಮೂರನೇ ಹಂತದ ಎರಡು ಪ್ರಯೋಗಗಳು, ನೆಪ್ಚೂನಸ್-1 ಮತ್ತು 2, ಗುರಿ ಮುಟ್ಟಿದವೆಂದು 2025ರಲ್ಲಿ ಪ್ರಕಟವಾಯಿತು. ಹಾನಿಕಾರಕ ಪ್ರತಿಕಾಯಗಳನ್ನು ರಕ್ತದಿಂದ ಕಡಿಮೆ ಮಾಡುವ ನಿಪೋಕಾಲಿಮ್ಯಾಬ್, ಟಿ-ಕಣ ಮತ್ತು ಬಿ-ಕಣಗಳ ಮಾತುಕತೆ ಕತ್ತರಿಸುವ ಡಾಜೋಡಾಲಿಬೆಪ್ ಇವೂ ಎರಡನೇ ಹಂತ ದಾಟಿವೆ.

ಈ ಸುದ್ದಿ ಓದುವಾಗ ಒಂದು ಪ್ರಶ್ನೆ ಕೇಳಿ: ಅಳೆದದ್ದು ಏನನ್ನು? ನೆಪ್ಚೂನಸ್‌ನ ಮುಖ್ಯ ಅಳತೆ ‘ಎಸ್ಡೈ’. ಅದರಲ್ಲಿ ಕೀಲು, ಚರ್ಮ, ಶ್ವಾಸಕೋಶ, ಮೂತ್ರಪಿಂಡ, ನರ, ರಕ್ತ ಹೀಗೆ 12 ಕಡೆಗಳಲ್ಲಿ ಕಾಯಿಲೆ ಎಷ್ಟು ಚುರುಕಾಗಿದೆ ಎಂದು ನೋಡುತ್ತಾರೆ. ಬಾಯಿ ಎಷ್ಟು ಒಣಗಿದೆ ಎಂಬುದು ಅದರಲ್ಲಿಲ್ಲ. ಅದಕ್ಕೆ ರೋಗಿಯೇ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡುವ ‘ಎಸ್ಪ್ರಿ’ ಬೇರೆ ಇದೆ. ನಮ್ಮ ಅಭಿಪ್ರಾಯ ಸ್ಪಷ್ಟ: ಒಳಗಿನ ಅಂಗಗಳಿಗೆ ಕಾಯಿಲೆ ಹಬ್ಬಿದವರಿಗೆ ಇವು ನಿಜವಾದ ಭರವಸೆ. ಒಣಬಾಯಿಯೊಂದೇ ತೊಂದರೆಯಾಗಿರುವವರು ಇವಕ್ಕಾಗಿ ಕಾಯುತ್ತಾ ಹಲ್ಲು ಕಳೆದುಕೊಳ್ಳಬಾರದು.

ಜೊಲ್ಲು ಬರಲೆಂದು ದಿನವಿಡೀ ನಿಂಬೆಹೋಳು, ಹುಣಸೆಹಣ್ಣು ಚೀಪುತ್ತೇನೆ. ತಪ್ಪೇ? ಮನೆಯಲ್ಲಿ ಏನೇನು ಮಾಡಬಹುದು?
– ಓದುಗರು, ಚಿಂತಾಮಣಿ

ನಿಲ್ಲಿಸಿ, ಇವತ್ತೇ. ನಿಂಬೆರಸದ ಪಿಎಚ್ 2ರ ಆಸುಪಾಸು. ಜೊಲ್ಲು ಚೆನ್ನಾಗಿರುವವರಿಗೆ ಅದನ್ನು ತೊಳೆಯುವ ಶಕ್ತಿ ಇರುತ್ತದೆ. ನಿಮ್ಮ ಬಾಯಲ್ಲಿ ಆ ಆಮ್ಲ ಹಲ್ಲಿನ ಮೇಲೆಯೇ ಕೂತಿರುತ್ತದೆ. ಊಟದ ಸಾರಿನಲ್ಲಿ ಹುಣಸೆ ಇರಲಿ, ಚೀಪುವುದು ಬೇಡ. ಬದಲಿಗೆ ಕ್ಸೈಲಿಟಾಲ್ ಇರುವ ಸಕ್ಕರೆರಹಿತ ಚ್ಯೂಯಿಂಗ್ ಗಮ್ ಊಟದ ನಂತರ ಹತ್ತು ನಿಮಿಷ ಜಗಿಯಿರಿ. ಜಗಿಯುವ ಕ್ರಿಯೆಯೇ ಜೊಲ್ಲು ತರಿಸುತ್ತದೆ. ಮೊದಲು ಒಂದರಿಂದ ಶುರುಮಾಡಿ, ಕ್ಸೈಲಿಟಾಲ್ ಹೆಚ್ಚಾದರೆ ಹೊಟ್ಟೆ ಸಡಿಲವಾಗುತ್ತದೆ.

ನೀರನ್ನು ಲೋಟಗಟ್ಟಲೆ ಕುಡಿಯುವುದಕ್ಕಿಂತ ಗುಟುಕಿಸುವುದು ಮೇಲು. ಪದೇ ಪದೇ ನೀರಿಂದ ಬಾಯಿ ತೊಳೆದರೆ ಇರುವ ಅಷ್ಟಿಷ್ಟು ಲೋಳೆಯೂ ಹೋಗಿ ಇನ್ನಷ್ಟು ಒಣಗಿದಂತೆ ಅನಿಸುತ್ತದೆ. ಊಟವಾದ ಮೇಲೆ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಕಾಲು ಟೀ ಚಮಚ ಅಡುಗೆ ಸೋಡಾ, ಅದರರ್ಧ ಉಪ್ಪು ಹಾಕಿ ಮುಕ್ಕಳಿಸಿ ಉಗಿಯಿರಿ. ಸ್ಪಿರಿಟ್ ಇರುವ ಮೌತ್‌ವಾಶ್ ಬೇಡ. ಹಲ್ಲುಪುಡಿ, ಇದ್ದಿಲು, ಉಪ್ಪು ಇವುಗಳಿಂದ ಉಜ್ಜಬೇಡಿ. ನೊರೆಗೆ ಹಾಕುವ ಸೋಡಿಯಂ ಲಾರಿಲ್ ಸಲ್ಫೇಟ್ ಇಲ್ಲದ ಪೇಸ್ಟ್ ಸಿಕ್ಕರೆ ಉರಿ ಕಡಿಮೆ. ರಾತ್ರಿ ಉಜ್ಜಿದ ಮೇಲೆ ನೊರೆಯನ್ನು ಉಗಿಯಿರಿ, ನೀರು ಹಾಕಿ ತೊಳೆಯಬೇಡಿ. ಫ್ಲೋರೈಡ್ ಹಲ್ಲಿನ ಮೇಲೆ ಉಳಿಯಬೇಕು. ಮೂರು ತಿಂಗಳಿಗೊಮ್ಮೆ ದಂತವೈದ್ಯರಿಂದ ಶೇ 5ರ ಸೋಡಿಯಂ ಫ್ಲೋರೈಡ್ ವಾರ್ನಿಶ್ ಹಚ್ಚಿಸಿ. ನಿಮ್ಮ ಕಡೆಯ ಕೊಳವೆಬಾವಿ ನೀರಲ್ಲಿ ಫ್ಲೋರೈಡ್ ಹೆಚ್ಚು ಎಂಬ ಹೆದರಿಕೆಯಿಂದ ಕೋಲಾರ, ಚಿಕ್ಕಬಳ್ಳಾಪುರದ ಹಲವರು ಇದನ್ನು ಬೇಡವೆನ್ನುತ್ತಾರೆ. ಮೂಳೆಗೆ ತೊಂದರೆ ಕೊಡುವುದು ವರ್ಷಗಟ್ಟಲೆ ಕುಡಿದ ಫ್ಲೋರೈಡ್. ದೊಡ್ಡವರ ಹಲ್ಲಿಗೆ ಹೊರಗಿಂದ ಹಚ್ಚಿದ್ದು ಹಲ್ಲನ್ನು ಗಟ್ಟಿಮಾಡುತ್ತದೆ.

ನಾಲಿಗೆ ಕೆಂಪಾಗಿ ನುಣುಪಾದರೆ, ತುಟಿಯ ಮೂಲೆ ಬಿರಿದರೆ, ಮಜ್ಜಿಗೆಯೂ ಉರಿದರೆ ಅದು ಕ್ಯಾಂಡಿಡಾ ಶಿಲೀಂಧ್ರ ಇರಬಹುದು. ಒಣಬಾಯಲ್ಲಿ ಬಿಳಿ ಪದರ ಕಾಣದೆಯೂ ಅದು ಇರುತ್ತದೆ, ಆದ್ದರಿಂದ ‘ಬಿ ಕಾಂಪ್ಲೆಕ್ಸ್ ಕೊರತೆ’ ಎಂದು ತಿಂಗಳುಗಟ್ಟಲೆ ತಪ್ಪು ಚಿಕಿತ್ಸೆ ನಡೆಯುತ್ತದೆ. ಕ್ಲೋಟ್ರಿಮಜೋಲ್ ಅಥವಾ ನಿಸ್ಟಾಟಿನ್ ಹಚ್ಚುವ ಮದ್ದಿನಿಂದ ಎರಡು ವಾರದಲ್ಲಿ ಗುಣ ಕಾಣಬೇಕು. ಕಟ್ಟಿಸಿದ ಹಲ್ಲಿದ್ದರೆ ರಾತ್ರಿ ತೆಗೆದಿಡಿ, ಅದನ್ನೂ ಶುಚಿಮಾಡಿ, ಇಲ್ಲದಿದ್ದರೆ ಅಲ್ಲಿಂದಲೇ ಮತ್ತೆ ಬರುತ್ತದೆ.

ನನಗೆ ಶೋಗ್ರೆನ್ ಇದೆ. ಆರು ತಿಂಗಳಿಂದ ಎಡಗಿವಿಯ ಕೆಳಗೆ ಗಟ್ಟಿ ಗಡ್ಡೆ, ನೋವಿಲ್ಲ. ನೋವಿಲ್ಲವೆಂದು ಸುಮ್ಮನಿದ್ದೇನೆ.
– ಓದುಗರು, ಕಲಬುರಗಿ

ನೋವಿಲ್ಲದಿರುವುದು ಧೈರ್ಯ ತರುವ ಸಂಗತಿ ಅಲ್ಲ. ಶೋಗ್ರೆನ್ ಇರುವ ನೂರರಲ್ಲಿ ಸುಮಾರು ಐದು ಮಂದಿಗೆ ಜೀವಿತಾವಧಿಯಲ್ಲಿ ಲಿಂಫೋಮಾ, ಅಂದರೆ ಲಿಂಫೋಸೈಟ್ ಕಣಗಳ ಕ್ಯಾನ್ಸರ್, ಬರುತ್ತದೆ. ಹೆಚ್ಚಿನದು ಕಿವಿಬುಡದ ಗ್ರಂಥಿಯಲ್ಲೇ ಹುಟ್ಟುವ, ನಿಧಾನವಾಗಿ ಬೆಳೆಯುವ ಬಗೆ. ಬೇಗ ಸಿಕ್ಕರೆ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ಬಂದು ಹೋಗುವ ಊತಕ್ಕಿಂತ ಕೂತುಬಿಟ್ಟ ಊತ ಹೆಚ್ಚು ಸಂಶಯದ್ದು. ಕಾಲಿನ ಮೇಲೆ ಕೈಗೆ ಸಿಗುವಂಥ ಕೆಂಪು-ನೇರಳೆ ಚುಕ್ಕೆ, ತೂಕ ಇಳಿಯುವುದು, ರಾತ್ರಿ ಬೆವರು, ರಕ್ತದಲ್ಲಿ ಸಿ4 ಎಂಬ ರಕ್ಷಣಾ ಪ್ರೋಟೀನ್ ಕಡಿಮೆಯಾಗುವುದು ಇದ್ದರೆ ಸಂಶಯ ಇನ್ನೂ ಹೆಚ್ಚುತ್ತದೆ. ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ, ನಂತರ ದಪ್ಪಸೂಜಿಯ ಬಯಾಪ್ಸಿ ಬೇಕು. ತೆಳುಸೂಜಿಯ ಎಫ್‌ಎನ್‌ಎಸಿಯಲ್ಲಿ ‘ಲಿಂಫೋಸೈಟ್‌ಗಳಿವೆ’ ಎಂದಷ್ಟೇ ಗೊತ್ತಾಗುತ್ತದೆ, ಶೋಗ್ರೆನ್ ಗ್ರಂಥಿಯಲ್ಲಿ ಅವು ಹೇಗೂ ಇರುತ್ತವೆ. ತಣ್ಣಗಾದರೆ ಗಟ್ಟಿಯಾಗುವ ಪ್ರೋಟೀನನ್ನು ಹುಡುಕುವ ಕ್ರಯೋಗ್ಲೋಬ್ಯುಲಿನ್ ಪರೀಕ್ಷೆ ಹೇಳಿದರೆ ಒಂದು ಎಚ್ಚರ: ಸೀರಮ್ ಬೇರ್ಪಡಿಸುವವರೆಗೆ ರಕ್ತ 37 ಡಿಗ್ರಿಯಲ್ಲೇ ಇರಬೇಕು. ತಣ್ಣಗಾದರೆ ಹುಡುಕುತ್ತಿರುವ ಪ್ರೋಟೀನ್ ಗರಣೆಯ ಜೊತೆ ಕೂತುಹೋಗಿ ಪರೀಕ್ಷೆ ಸುಳ್ಳಾಗಿ ನೆಗೆಟಿವ್ ಬರುತ್ತದೆ. ಆ ಸೌಲಭ್ಯವಿರುವ ಲ್ಯಾಬಿಗೇ ಹೋಗಿ ರಕ್ತ ಕೊಡಿ, ಮನೆಗೆ ಕರೆಸಿ ಕೊಡಬೇಡಿ.

ಎರಡೂ ಕಡೆ ಗ್ರಂಥಿ, ಕಣ್ಣಿನ ಮೇಲ್ರೆಪ್ಪೆ ಸಹ ಊದಿದ್ದು ಬಾಯಿ ಅಷ್ಟಾಗಿ ಒಣಗದಿದ್ದರೆ ಬೇರೊಂದು ಕಾಯಿಲೆಯನ್ನು ನೆನೆಯಬೇಕು. 1888ರಲ್ಲಿ ಮಿಕುಲಿಚ್ ಎಂಬ ಶಸ್ತ್ರವೈದ್ಯ ಅಂಥ ಒಬ್ಬ ರೈತನ ವಿಷಯ ವಿವರಿಸಿದ್ದರು. ಬಹುಕಾಲ ಅದನ್ನು ಶೋಗ್ರೆನ್‌ನ ಒಂದು ರೂಪ ಎಂದೇ ತಿಳಿದಿದ್ದರು. ಈಗ ಮಿಕುಲಿಚ್ ಕಾಯಿಲೆಯನ್ನು ಐಜಿಜಿ4 ಎಂಬ ಪ್ರತಿಕಾಯದ ಸಂಬಂಧಿ ಕಾಯಿಲೆಯ ಗುಂಪಿಗೆ ಸೇರಿಸಿದ್ದಾರೆ. ಅದು ಸ್ಟೀರಾಯ್ಡ್‌ಗೆ ಬೇಗ ಕರಗುತ್ತದೆ, ಶೋಗ್ರೆನ್‌ನ ಒಣಗು ಕರಗುವುದಿಲ್ಲ.

ನಮ್ಮ ಅತ್ತಿಗೆಗೆ ಬೆಳಿಗ್ಗೆ ಏಳುವಾಗ ಕೈಕಾಲು ಎತ್ತಲಾಗಲಿಲ್ಲ. ಪೊಟ್ಯಾಸಿಯಂ 2.1 ಇತ್ತು. ಈಗ ಶೋಗ್ರೆನ್ ಎನ್ನುತ್ತಿದ್ದಾರೆ. ಬಾಯಿಗೂ ಕಾಲಿಗೂ ಏನು ಸಂಬಂಧ?
– ಓದುಗರು, ಚಿತ್ರದುರ್ಗ

ಮೂತ್ರಪಿಂಡವೇ ನಡುವಿನ ಕೊಂಡಿ. ಗ್ರಂಥಿಗೆ ನುಗ್ಗುವ ಲಿಂಫೋಸೈಟ್‌ಗಳೇ ಮೂತ್ರಪಿಂಡದ ನಾಳಗಳಿಗೂ ನುಗ್ಗಬಲ್ಲವು. ಆಗ ಆಮ್ಲ ಹೊರಹೋಗದೆ ರಕ್ತದಲ್ಲಿ ಉಳಿಯುತ್ತದೆ, ಪೊಟ್ಯಾಸಿಯಂ ಮಾತ್ರ ಮೂತ್ರದಲ್ಲಿ ಸೋರಿಹೋಗುತ್ತದೆ. ಬಾಯಿ ಒಣಗುವುದು ಗಮನಕ್ಕೆ ಬರುವ ಮೊದಲೇ ಹೀಗೆ ಕೈಕಾಲು ಬಿದ್ದು ಬಂದ ರೋಗಿಗಳ ವರದಿಗಳು ಭಾರತದಿಂದ ಹಲವಿವೆ. ರಕ್ತದಲ್ಲಿ ಬೈಕಾರ್ಬನೇಟ್ ಕಡಿಮೆ ಇದ್ದರೂ ಮೂತ್ರದ ಪಿಎಚ್ 5.5ಕ್ಕಿಂತ ಮೇಲೆಯೇ ಇದ್ದರೆ ಇದೇ ಎಂದು ತಿಳಿಯಬೇಕು. ತುರ್ತಿನಲ್ಲಿ ಆಗುವ ತಪ್ಪು ಎಂದರೆ ಪೊಟ್ಯಾಸಿಯಂ ಕೊಡುವ ಮೊದಲೇ ಗ್ಲೂಕೋಸ್ ಡ್ರಿಪ್ ಅಥವಾ ಬೈಕಾರ್ಬನೇಟ್ ಏರಿಸುವುದು. ಇವೆರಡೂ ರಕ್ತದಲ್ಲಿ ಉಳಿದ ಪೊಟ್ಯಾಸಿಯಂ ಅನ್ನು ಕಣಗಳೊಳಗೆ ದೂಡಿ ಉಸಿರಾಟದ ಸ್ನಾಯುವನ್ನೂ ಸೋಲಿಸಬಲ್ಲವು. ಅವರ ಹಳೆಯ ವರದಿಯ ನಕಲು ಪರ್ಸಿನಲ್ಲಿ ಸದಾ ಇರಲಿ. ಮುಂದೆ ಪೊಟ್ಯಾಸಿಯಂ ಸಿಟ್ರೇಟ್ ಬಿಡದೆ ಬೇಕಾಗಬಹುದು, ಮೂತ್ರಕಲ್ಲು ಇದೆಯೇ ಎಂದೂ ನೋಡಿಸಿ.

ಮಗಳಿಗೆ ಆಂಟಿ-ರೋ ಪಾಸಿಟಿವ್. ಈಗ ಎರಡು ತಿಂಗಳ ಗರ್ಭಿಣಿ. ಮಗುವಿನ ಹೃದಯಕ್ಕೆ ತೊಂದರೆ ಎಂದು ಕೇಳಿ ಕಂಗಾಲಾಗಿದ್ದೇವೆ.
– ಓದುಗರು, ಪುತ್ತೂರು

ಅಮ್ಮ, ಲೆಕ್ಕ ನಿಮ್ಮ ಮಗಳ ಪರವಾಗಿದೆ. ಆಂಟಿ-ರೋ ಇರುವ ನೂರು ಗರ್ಭಿಣಿಯರಲ್ಲಿ ಸುಮಾರು ಇಬ್ಬರ ಮಗುವಿಗೆ ಮಾತ್ರ ಹಾರ್ಟ್ ಬ್ಲಾಕ್, ಅಂದರೆ ಹೃದಯ ಬಡಿತದ ಸಂಕೇತಕ್ಕೆ ತಡೆ, ಆಗುತ್ತದೆ. ಮೊದಲ ಮಗುವಿಗೆ ಹಾಗಾಗಿದ್ದರೆ ಮಾತ್ರ ಮುಂದಿನದಕ್ಕೆ ಅಪಾಯ ಶೇ 16-18ಕ್ಕೆ ಏರುತ್ತದೆ. ಅಂಥ ತಾಯಂದಿರಿಗೆ ಹತ್ತನೇ ವಾರದೊಳಗೆ ಹೈಡ್ರಾಕ್ಸಿಕ್ಲೋರೋಕ್ವಿನ್ ಶುರುಮಾಡಿದ ‘ಪ್ಯಾಚ್’ ಅಧ್ಯಯನದಲ್ಲಿ, 2020ರ ವರದಿಯಂತೆ, ಅದು ಶೇ 7.4ಕ್ಕೆ ಇಳಿಯಿತು. ಬಾಯಿ ಒಣಗುವುದಕ್ಕೆ ಸೋತ ಮಾತ್ರೆಯೇ ಇಲ್ಲಿ ಗೆದ್ದಿದೆ. ಮಗಳು ಈಗಾಗಲೇ ಅದನ್ನು ತೆಗೆದುಕೊಳ್ಳುತ್ತಿದ್ದರೆ ಗರ್ಭ ನಿಂತಿತೆಂದು ಬಿಡಿಸಬೇಡಿ; ಇಲ್ಲದಿದ್ದರೆ ಈ ವಾರವೇ ಕೇಳಿ, ಹತ್ತನೇ ವಾರ ದೂರವಿಲ್ಲ. ಸುಮಾರು 16ರಿಂದ 26ನೇ ವಾರದವರೆಗೆ ವಾರಕ್ಕೆ ಅಥವಾ ಎರಡು ವಾರಕ್ಕೊಮ್ಮೆ ಭ್ರೂಣದ ಎಕೋ ಮಾಡಿಸಬೇಕಾಗಬಹುದು. ಹುಟ್ಟಿದ ಮೇಲೆ ಮಗುವಿಗೆ ಒಂದು ಇಸಿಜಿ ಆಗಲಿ. ಮುಖದ ಮೇಲೆ ದದ್ದು ಬಂದರೆ ಹೆದರಬೇಡಿ; ತಾಯಿಯಿಂದ ಬಂದ ಪ್ರತಿಕಾಯ ಕರಗಿದಂತೆ ಆರೆಂಟು ತಿಂಗಳಲ್ಲಿ ಹೋಗುತ್ತದೆ.

ಐದು ವರ್ಷದ ಮಗನಿಗೆ ಒಂದೇ ವರ್ಷದಲ್ಲಿ ನಾಲ್ಕು ಸಲ ಮಂಗನಬಾವು. ಹೀಗೂ ಆಗುತ್ತದೆಯೇ?
– ಓದುಗರು, ತಿಪಟೂರು

ಮಂಗನಬಾವು ಸಾಮಾನ್ಯವಾಗಿ ಜನ್ಮಕ್ಕೊಂದು ಸಲ. ಮೂರರಿಂದ ಆರು ವರ್ಷದ ಮಕ್ಕಳಲ್ಲಿ ಪದೇ ಪದೇ ಒಂದು ಕೆನ್ನೆ ಊದಿ, ಜ್ವರ ಬಂದು, ವಾರದೊಳಗೆ ಇಳಿಯುತ್ತಿದ್ದರೆ ಅದು ಮಕ್ಕಳ ಮರುಕಳಿಸುವ ಕಿವಿಬುಡದ ಗ್ರಂಥಿಯೂತ ಇರಬಹುದು. ಒಬ್ಬರಿಂದೊಬ್ಬರಿಗೆ ಹರಡುವುದಿಲ್ಲ, ಹರೆಯದ ಹೊತ್ತಿಗೆ ಬಹುತೇಕ ನಿಲ್ಲುತ್ತದೆ. ಅಲ್ಟ್ರಾಸೌಂಡ್ ಒಂದು ಮಾಡಿಸಿ. ಹೆಣ್ಣುಮಕ್ಕಳಲ್ಲಿ, ಅಥವಾ ಹರೆಯ ದಾಟಿದರೂ ನಿಲ್ಲದಿದ್ದರೆ ಆಂಟಿ-ರೋ ನೋಡಬೇಕು. ಮಕ್ಕಳ ಶೋಗ್ರೆನ್ ಬಾಯಿ ಒಣಗದೆ, ಬರೀ ಊತವಾಗಿ ಶುರುವಾಗುವುದುಂಟು. ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಕೊಡುವುದು ದಡಾರ-ರುಬೆಲ್ಲಾದ ಎಂಆರ್. ಮಂಗನಬಾವಿನ ರಕ್ಷಣೆಗೆ ಎಂಎಂಆರ್ ಬೇಕು, ಮಕ್ಕಳ ವೈದ್ಯರನ್ನು ಕೇಳಿ ಹಾಕಿಸಿ.

ಊತ ಇಳಿದ ದಿನಗಳಲ್ಲಿ ನೀರು ಚೆನ್ನಾಗಿ ಕುಡಿಸಿ. ಕಿವಿಯ ಹಿಂದಿನಿಂದ ಕೆನ್ನೆಯ ಮುಂದಕ್ಕೆ ಎರಡು ಬೆರಳಿಂದ ಮೃದುವಾಗಿ ನೀವಿ. ಈ ಗ್ರಂಥಿಯ ನಾಳ ಮೇಲಿನ ಎರಡನೇ ದವಡೆಹಲ್ಲಿನ ಎದುರು ಕೆನ್ನೆಯೊಳಗೆ ತೆರೆದುಕೊಳ್ಳುತ್ತದೆ, ನೀವುವಾಗ ಅಲ್ಲಿ ಕೀವು ಬಂದರೆ ಆಂಟಿಬಯಾಟಿಕ್ ಬೇಕಾಗುತ್ತದೆ. ದೊಡ್ಡವರಲ್ಲಿ ಊಟಕ್ಕೆ ಕೂತೊಡನೆ ದವಡೆಯ ಕೆಳಗೆ ಊದಿ ಒಂದೆರಡು ಗಂಟೆಗೆ ಇಳಿಯುವುದು ಬೇರೆ ಸಂಗತಿ, ಅದು ಹೆಚ್ಚಾಗಿ ನಾಳದಲ್ಲಿನ ಕಲ್ಲು.

ಸ್ಟೆಮ್ ಸೆಲ್ ಚುಚ್ಚಿದರೆ ಜೊಲ್ಲು ಮರಳುತ್ತದೆಂದು ಒಂದು ಕ್ಲಿನಿಕ್‌ನವರು ಮೂರು ಲಕ್ಷ ಕೇಳುತ್ತಿದ್ದಾರೆ. ಕೊಡಲೇ?
– ಓದುಗರು, ಹೊಸಪೇಟೆ

ಕೊಡಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ, ಸಾಬೀತಾಗದ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಅನುಮತಿ ಪಡೆದ ಪ್ರಯೋಗದ ಹೊರಗೆ ಕೊಡುವಂತಿಲ್ಲ. ಪ್ರಯೋಗದಲ್ಲಿ ರೋಗಿಯಿಂದ ಚಿಕಿತ್ಸೆಗೆ ಹಣ ಕೇಳುವುದಿಲ್ಲ. ಗ್ರಂಥಿಗೆ ಮತ್ತೆ ನೀರು ತರಿಸುವ ಸಂಶೋಧನೆ ನಡೆಯುತ್ತಿರುವುದು ನಿಜ. ಅಮೆರಿಕದ ರಾಷ್ಟ್ರೀಯ ದಂತ ಸಂಶೋಧನಾ ಸಂಸ್ಥೆಯಲ್ಲಿ ಅಕ್ವಾಪೋರಿನ್-1 ಎಂಬ ನೀರುಬಾಗಿಲಿನ ಜೀನನ್ನು ಜೊಲ್ಲಿನ ನಾಳದ ಮೂಲಕ ಗ್ರಂಥಿಗೆ ಹಾಕಿ ನೋಡಿದರು, 2012ರಲ್ಲಿ ಮೊದಲ ವರದಿ ಬಂತು. ಆದರೆ ಅದು ವಿಕಿರಣ ಚಿಕಿತ್ಸೆಯಿಂದ ಬಾಯಿ ಒಣಗಿದವರಿಗೆ, ಶೋಗ್ರೆನ್‌ನವರಿಗಲ್ಲ.

ಯಾರಾದರೂ ‘ಪ್ರಯೋಗ’ ಎಂದರೆ ಸಿಟಿಆರ್‌ಐ ಸಂಖ್ಯೆ ಕೇಳಿ. ದೇಶದಲ್ಲಿ ನಡೆಯುವ ಔಷಧ ಪ್ರಯೋಗಗಳ ಈ ಸರ್ಕಾರಿ ನೋಂದಣಿ 2009ರಿಂದ ಕಡ್ಡಾಯ, ಅಂತರ್ಜಾಲದಲ್ಲಿ ಯಾರು ಬೇಕಾದರೂ ನೋಡಬಹುದು. ಒಪ್ಪಿಗೆಪತ್ರ ನಿಮಗೆ ಓದಲು ಬರುವ ಭಾಷೆಯಲ್ಲಿರಬೇಕು, ಒಂದು ಪ್ರತಿ ನಿಮ್ಮ ಕೈಗೆ ಕೊಡಬೇಕು. ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆಯನ್ನೂ ಪರಿಹಾರವನ್ನೂ 2019ರ ಹೊಸ ಔಷಧ ಮತ್ತು ಪ್ರಯೋಗ ನಿಯಮಗಳು ನಿಮಗೆ ಕೊಟ್ಟಿವೆ. ಸಂಖ್ಯೆ ಕೊಡಲು ತಡವರಿಸುವವರ ಮುಂದೆ ಸಹಿ ಹಾಕಬೇಡಿ, ಮುಂಗಡವನ್ನೂ ಕಟ್ಟಬೇಡಿ.